ತೋರಣ ಒಣಗಿದ ಮೇಲೆ

(ಹೊಸದಾಗಿ ನೇಮಕಗೊಂಡ ಪ್ರಾಥಮಿಕ ಶಾಲಾ ಶಿಕ್ಷಕರಿಗಾಗಿ ಮೇ ತಿಂಗಳ ಕೊನೆಯ ವಾರ ನಡೆದ ಕಾರ್ಯಾಗಾರದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಮಾತಿನಲ್ಲಿದ್ದ ಪುನರುಕ್ತಿಗಳನ್ನು ತೆಗೆದಿದ್ದೇನೆ, ಹೇಳಿದ್ದನ್ನು ಬದಲಿಸಿಲ್ಲ.)

ಆತ್ಮೀಯ ಶಿಕ್ಷಕ ಮಿತ್ರರೆ,

ಇನ್ನು ನಾಲ್ಕೈದು ದಿನಗಳಲ್ಲಿ ನಮ್ಮ ಶಾಲೆಗಳ ಬಾಗಿಲಿಗೆ ಮಾವಿನ ತೋರಣ ಬೀಳುತ್ತದೆ. ಈಚಿನ ವರ್ಷಗಳ ವೇಳಾಪಟ್ಟಿಯಂತೆ ಏಪ್ರಿಲ್ 11ರಿಂದ ಮೇ 28ರವರೆಗೆ, ಅಂದರೆ 48 ದಿನ, ಬೀಗ ಹಾಕಿದ್ದ ಕೊಠಡಿಗಳ ಧೂಳು ಹೊಡೆದು, ನೀರಿನ ತೊಟ್ಟಿ ತೊಳೆಸಿ, ಉಳಿದ ಅಕ್ಕಿ ಬೇಳೆಗೆ ಹುಳು ಬಿದ್ದಿದೆಯೇ ಎಂದು ಮೊರದಲ್ಲಿ ಹರಡಿ ನೋಡಿ, ಹಂಚಿನ ಸಂದಿಯಿಂದ ಮಳೆನೀರು ಇಳಿದು ಒದ್ದೆಯಾದ ಕಲಿಕಾ ಕಾರ್ಡುಗಳನ್ನು ಬಿಸಿಲಿಗೆ ಹಾಕುವಷ್ಟರಲ್ಲಿ ಪ್ರಾರಂಭೋತ್ಸವದ ದಿನ ಬಂದೇ ಬಿಡುತ್ತದೆ. ಕೆಲವು ಊರುಗಳಲ್ಲಿ ಮಕ್ಕಳನ್ನು ಸಿಂಗರಿಸಿದ ಎತ್ತಿನ ಗಾಡಿಯಲ್ಲಿ ಕೂರಿಸಿ ಡೊಳ್ಳು ಬಾರಿಸುತ್ತ ಕರೆತರುತ್ತಾರೆ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಅಧ್ಯಕ್ಷರು ಪ್ರತಿ ಮಗುವಿನ ಕೈಗೂ ಒಂದು ಹೂವು ಕೊಡುತ್ತಾರೆ, ಬಿಸಿಯೂಟದ ಜೊತೆಗೆ ಪಾಯಸವೋ ಕೇಸರಿಬಾತೋ ಆಗುತ್ತದೆ, ಬಂದಿರುವ ಪಠ್ಯಪುಸ್ತಕ ಮತ್ತು ಸಮವಸ್ತ್ರಗಳ ವಿತರಣೆಯಾಗುತ್ತದೆ. ಇದೆಲ್ಲದರ ಫೋಟೊ ಮಧ್ಯಾಹ್ನದೊಳಗೆ ಸುತ್ತಲಿನ ಶಾಲೆಗಳ ಕೂಟವಾದ ಕ್ಲಸ್ಟರಿನ ವಾಟ್ಸಾಪ್ ಗುಂಪಿಗೆ ಹೋಗಿರುತ್ತದೆ. ಇದನ್ನು ನಾನು ವ್ಯಂಗ್ಯವಾಗಿ ಹೇಳುತ್ತಿಲ್ಲ. ಊರಿನವರು ವರ್ಷಕ್ಕೆ ಒಂದು ದಿನವಾದರೂ ಶಾಲೆಯನ್ನು ತಮ್ಮ ಮನೆಯ ಮದುವೆಯಂತೆ ಕಾಣುವುದು ಸಣ್ಣ ಸಂಗತಿಯಲ್ಲ.

ಆದರೆ ಆ ದಿನದ ಬಗ್ಗೆ ಮಾತನಾಡಲು ನಾನು ಇಲ್ಲಿಗೆ ಬಂದಿಲ್ಲ. ಮೊದಲ ದಿನಕ್ಕೆ ಸುತ್ತೋಲೆಯಿದೆ, ತೋರಣವಿದೆ, ಅತಿಥಿಗಳಿದ್ದಾರೆ. ಹದಿನಾರನೆಯ ದಿನಕ್ಕೆ ಇವು ಯಾವುವೂ ಇಲ್ಲ. ಅಂದು ತೋರಣದ ಎಲೆಗಳು ಒಣಗಿ ಕಡ್ಡಿಯಾಗಿರುತ್ತವೆ, ಹೊರಗೆ ಮೃಗಶಿರಾ ಮಳೆ ಹಿಡಿದಿರುತ್ತದೆ, ಹಾಜರಿ ಪುಸ್ತಕದಲ್ಲಿ ನಾಲ್ಕೈದು ಹೆಸರುಗಳ ಮುಂದೆ ಸಾಲಾಗಿ ಗೈರುಹಾಜರಿಯ ಗುರುತು ಬಿದ್ದಿರುತ್ತದೆ. 1998ರಲ್ಲಿ ಕೆಲಸಕ್ಕೆ ಸೇರಿದಂದಿನಿಂದ ಒಂದರಿಂದ ಮೂರನೆಯ ತರಗತಿಗಳನ್ನೇ ಹೆಚ್ಚಾಗಿ ನೋಡಿಕೊಂಡ ನನಗೆ ಅನ್ನಿಸಿರುವುದು ಇಷ್ಟು: ಪ್ರಾಥಮಿಕ ಶಾಲೆಯ ವರ್ಷ ಆರಂಭವಾಗುವುದು ಒಂದು ದಿನದಲ್ಲಲ್ಲ, ಮೂರು ವಾರಗಳಲ್ಲಿ, ಅದು ಸರಿಯಾಗಿ ಆರಂಭವಾಯಿತೇ ಇಲ್ಲವೇ ಎಂಬುದನ್ನು ಮೊದಲ ದಿನ ಎಷ್ಟು ಮಕ್ಕಳು ಬಂದರು ಎಂಬುದರಿಂದಲ್ಲ, ಮೂರನೆಯ ವಾರದಲ್ಲಿ ಯಾರು ಬರುತ್ತಿಲ್ಲ ಎಂಬುದರಿಂದ ತಿಳಿಯಬೇಕು. ಆ ಮೂರು ವಾರಗಳಲ್ಲಿ ಏನು ಮಾಡುವುದು ಎಂಬುದಷ್ಟೇ ಇಂದಿನ ನನ್ನ ವಿಷಯ.

ಹೆಸರಿನಿಂದ ಆರಂಭಿಸೋಣ. ದಾಖಲಾತಿ ವಹಿಯಲ್ಲಿ ನೀವು ಬರೆಯುವ ಹೆಸರು ಆ ಮಗುವಿನ ಹಿಂದೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯವರೆಗೆ, ಅಲ್ಲಿಂದ ಮುಂದೆ ಕೆಲಸದ ಅರ್ಜಿಯವರೆಗೆ ನಡೆದುಕೊಂಡು ಹೋಗುತ್ತದೆ. ಜನನ ಪ್ರಮಾಣಪತ್ರದಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು, ತಾಯಿ ಹೇಳುವುದು ಮತ್ತೊಂದು ಎಂಬಂತಿರುವಾಗ ಅವಸರದಲ್ಲಿ ಬರೆದುಬಿಟ್ಟರೆ ಹತ್ತು ವರ್ಷಗಳ ನಂತರ ಆ ಕುಟುಂಬ ತಿದ್ದುಪಡಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತದೆ. ವಿದ್ಯಾರ್ಥಿಗಳ ವಿವರ ದಾಖಲಿಸುವ ಎಸ್‌ಎಟಿಎಸ್ ತಂತ್ರಾಂಶಕ್ಕೆ ಹೆಸರು ಏರಿಸುವ ಮೊದಲು ಪೋಷಕರ ಎದುರಿಗೆ ಅಕ್ಷರ ಅಕ್ಷರವಾಗಿ ಓದಿ ಹೇಳಿ. ಅಪ್ಪ ಅಮ್ಮನಿಗೆ ಓದು ಬಾರದಿದ್ದರೆ ಮನೆಯಲ್ಲಿ ಓದುಬಲ್ಲವರನ್ನು ಕರೆಸಿ. ಇದಕ್ಕೆ ಹತ್ತು ನಿಮಿಷ ಸಾಕು.

ಇದು ಕಾಗದದ ಹೆಸರಿನ ಮಾತಾಯಿತು. ತರಗತಿಯೊಳಗಿನ ಹೆಸರು ಬೇರೆ. ಒಂದು ವರ್ಷ ಜೂನ್ ಮೊದಲ ವಾರದಲ್ಲಿ ನಾನು ಹಾಜರಿ ಕರೆಯುತ್ತಿದ್ದೆ. ಒಂದು ಹೆಸರಿಗೆ ದಿನವೂ ಉತ್ತರ ಬರುತ್ತಿರಲಿಲ್ಲ. ಪುಸ್ತಕದಲ್ಲಿದ್ದುದು ಎರಡು ಒತ್ತಕ್ಷರಗಳಿರುವ, ಹೊಸ ಕಾಲದ ಹೆಸರು. ಮೂರು ದಿನ ಗೈರುಹಾಜರಿ ಹಾಕಿದೆ. ನಾಲ್ಕನೆಯ ದಿನ ಆ ಮಗುವಿನ ಅಕ್ಕ, ನಾಲ್ಕನೆಯ ತರಗತಿಯವಳು, ಬಾಗಿಲಲ್ಲಿ ನಿಂತು, “ಅಕ್ಕೋರೆ, ಅಲ್ಲೇ ಕುಂತಾನಲ್ರಿ, ನಮ್ ಗುಂಡ!” ಎಂದಳು. ಹುಡುಗ ಮೊದಲ ದಿನದಿಂದಲೂ ನನ್ನೆದುರಿಗೇ ಕುಳಿತಿದ್ದ. ಆ ಉದ್ದದ ಹೆಸರು ತನ್ನದೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಐದೂವರೆ ಆರು ವರ್ಷ ಗುಂಡನಾಗಿ ಬದುಕಿದ ಮಗುವಿಗೆ ಒಂದು ಬೆಳಿಗ್ಗೆ ಬೇರೊಬ್ಬನಾಗಲು ನಾವು ಹೇಳುತ್ತೇವೆ. ಅಂದಿನಿಂದ ನಾನು ಹಾಜರಿ ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಮನೆಯ ಹೆಸರನ್ನೂ ಬರೆದುಕೊಳ್ಳುತ್ತೇನೆ. ಮೊದಲ ವಾರ ಎರಡನ್ನೂ ಕೂಡಿಸಿ ಕರೆಯುತ್ತೇನೆ. ಎರಡನೆಯ ವಾರದ ಕೊನೆಗೆ ಮನೆಯ ಹೆಸರು ತಾನಾಗಿ ಹಿಂದೆ ಸರಿಯುತ್ತದೆ. ಪೆನ್ಸಿಲಿನ ಬರಹವನ್ನು ಅಳಿಸುವುದಿಲ್ಲ, ಅತ್ತು ಕೂತ ದಿನ ಅದು ಬೇಕಾಗುತ್ತದೆ.

ಎರಡನೆಯದನ್ನು ಹೇಳಲು ಸಂಕೋಚಪಡಬೇಕಾಗಿಲ್ಲ. ಮೊದಲ ದಿನ, ಪ್ರಾರ್ಥನೆ ಮುಗಿದ ತಕ್ಷಣ, ಪುಸ್ತಕ ತೆಗೆಯುವ ಮೊದಲು, ಹೊಸ ಮಕ್ಕಳನ್ನೆಲ್ಲ ಕರೆದುಕೊಂಡು ಹೋಗಿ ಶೌಚಾಲಯ ತೋರಿಸಿ. ಹೊರಗಿನಿಂದ ಬೆರಳು ಮಾಡಿ ತೋರಿಸಿದರೆ ಸಾಲದು. ಬಾಗಿಲು ತೆಗೆಯುವುದು ಹೇಗೆ, ಒಳಗಿನ ಚಿಲಕ ಎಟುಕುತ್ತದೆಯೇ, ನೀರು ಎಲ್ಲಿದೆ, ಮಗ್ಗು ಎಲ್ಲಿರುತ್ತದೆ, ಇವನ್ನೆಲ್ಲ ಮಗುವೇ ಒಮ್ಮೆ ಮಾಡಿ ನೋಡಬೇಕು. ನಮ್ಮ ಕಡೆಯ ಹಳ್ಳಿಗಳಲ್ಲಿ ಇಂದಿಗೂ ಬಯಲಿಗೆ ಹೋಗಿ ರೂಢಿಯಾದ ಮಕ್ಕಳಿದ್ದಾರೆ. ಕತ್ತಲೆಯ ಸಣ್ಣ ಕೋಣೆಯೊಳಗೆ ಬಾಗಿಲು ಹಾಕಿಕೊಳ್ಳುವುದೆಂದರೆ ಅವರಿಗೆ ಭಯ. “ಒಂದಕ್ಕೆ”, “ಎರಡಕ್ಕೆ” ಎಂದು ಬೆರಳು ಎತ್ತುವುದು ನಮಗೆ ಹುಟ್ಟಿನಿಂದ ಬಂದ ಭಾಷೆಯಂತೆ ಕಾಣುತ್ತದೆ, ಆದರೆ ಅದೂ ಕಲಿಸಬೇಕಾದ ಪಾಠವೇ. ಕೇಳುವುದು ಹೇಗೆಂದು ತಿಳಿಯದೆ ಕುಳಿತಲ್ಲೇ ಒದ್ದೆ ಮಾಡಿಕೊಂಡ ಮಗು, ಅದನ್ನು ನೋಡಿ ಉಳಿದವರು ನಕ್ಕರೆ, ಮರುದಿನ ಹೊಟ್ಟೆನೋವೆಂದು ಮನೆಯಲ್ಲಿ ಮಲಗುತ್ತದೆ. ಆ ಹೊಟ್ಟೆನೋವು ಒಮ್ಮೊಮ್ಮೆ ವರ್ಷವಿಡೀ ಇರುತ್ತದೆ. ನನ್ನ ಕಪಾಟಿನಲ್ಲಿ ಸದಾ ಎರಡು ಜೊತೆ ಹಳೆಯ ಚಡ್ಡಿ, ಎರಡು ಲಂಗಗಳಿರುತ್ತವೆ. ಜೂನ್ ತಿಂಗಳಲ್ಲಿ ಅವು ಸೀಮೆಸುಣ್ಣಕ್ಕಿಂತ ಹೆಚ್ಚಾಗಿ ಕೆಲಸಕ್ಕೆ ಬಂದಿವೆ.

ಚೀಲ ಎಲ್ಲಿ ಇಡಬೇಕು, ತಟ್ಟೆ ಎಲ್ಲಿ ತೊಳೆಯಬೇಕು, ಮಳೆಯಲ್ಲಿ ನೆನೆದ ಕೊಡೆಯನ್ನು ಯಾವ ಮೂಲೆಯಲ್ಲಿ ಬಿಚ್ಚಿಡಬೇಕು ಎಂಬ ರೂಢಿಗಳನ್ನೂ ಹೀಗೆಯೇ ಮಾಡಿಸಿ ಕಲಿಸಬೇಕು. ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ, ನಿಮಗೇ ಹೊಳೆಯುತ್ತದೆ.

ಈಗ ನಾನು ತುಸು ನಿಧಾನವಾಗಿ ಮಾತನಾಡಬೇಕಾದ ಜಾಗಕ್ಕೆ ಬಂದಿದ್ದೇನೆ. ಅದು ಮಾತಿನ, ಅಂದರೆ ಮನೆಮಾತಿನ ವಿಷಯ. ನನ್ನ ಸೇವೆಯ ಎರಡನೆಯ ವರ್ಷ, ಲಂಬಾಣಿ ತಾಂಡಾವೊಂದರ ಪಕ್ಕದ ಶಾಲೆಯಲ್ಲಿದ್ದೆ. ಒಂದನೆಯ ತರಗತಿಗೆ ಬಂದ ಒಬ್ಬ ಹುಡುಗಿ ಮೂರು ವಾರ ಬಾಯಿ ಬಿಡಲಿಲ್ಲ. ಹಾಡು ಹೇಳಿಸಿದರೆ ಹಾಡುತ್ತಿರಲಿಲ್ಲ, ಚಿತ್ರ ತೋರಿಸಿ ಇದೇನು ಎಂದರೆ ನನ್ನ ಮುಖ ನೋಡುತ್ತಿದ್ದಳು, ಗದರಿದರೆ ಕಣ್ಣು ತುಂಬಿಕೊಳ್ಳುತ್ತಿದ್ದಳು. ನನಗಾಗ ಇಪ್ಪತ್ತಮೂರು ವರ್ಷ, ಎಲ್ಲವೂ ತಿಳಿದಿದೆ ಎಂಬ ವಯಸ್ಸು. ನನ್ನ ಟಿಪ್ಪಣಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ “ನಿಧಾನ ಕಲಿಕೆ” ಎಂದು ಬರೆದುಕೊಂಡೆ. ಒಂದು ಮಧ್ಯಾಹ್ನ ಊಟದ ನಂತರ ಜಗಲಿಯಲ್ಲಿ ಹುಡುಗಿಯರು ಕಲ್ಲಾಟ ಆಡುತ್ತಿದ್ದರು. ನಾನು ಒಳಗೆ ಕುಳಿತು ಹಾಜರಿ ಕೂಡುತ್ತಿದ್ದೆ. ಕಿಟಕಿಯ ಆಚೆಯಿಂದ ಒಂದು ಗಟ್ಟಿ ದನಿ, “ತೀನ್... ಚಾರ್... ಪಾಂಚ್...” ಎಂದು ಕಲ್ಲು ಎಣಿಸುತ್ತ, ನಡುವೆ ಯಾರೋ ಮೋಸ ಮಾಡಿದ್ದಕ್ಕೆ ಜಗಳವಾಡುತ್ತ, ಮತ್ತೆ ಎಣಿಸುತ್ತ ಇತ್ತು. ಎದ್ದು ಬಗ್ಗಿ ನೋಡಿದರೆ ಅದೇ ಹುಡುಗಿ. ಕಲ್ಲು ಮೇಲಕ್ಕೆ ಹಾರಿಸಿ, ಅದು ಕೆಳಗೆ ಬೀಳುವಷ್ಟರಲ್ಲಿ ನೆಲದ ಮೇಲಿನ ನಾಲ್ಕನ್ನು ಬಾಚಿ, ಅಂಗೈ ತಿರುಗಿಸಿ ಹಿಡಿಯುತ್ತಿದ್ದಳು. ಕೂಡುವುದು ಕಳೆಯುವುದು ಅವಳ ಬೆರಳುಗಳಲ್ಲೇ ಇತ್ತು. ಇಲ್ಲದೆ ಇದ್ದದ್ದು ಕನ್ನಡ ಮಾತ್ರ. ಅಮ್ಮ ಅವಳಿಗೆ ಯಾಡಿ, ನೀರು ಪಾಣಿ, ರೊಟ್ಟಿ ಬಾಟಿ. ಮೂರು ವಾರ ನಾನು ಅವಳನ್ನು ಕೇಳಿದ್ದು ಅವಳಿಗೆ ಅರ್ಥವಾಗದ ಭಾಷೆಯಲ್ಲಿ. ನಿಧಾನ ಕಲಿಕೆ ಯಾರದೆಂದು ಅಂದು ನನಗೆ ಗೊತ್ತಾಯಿತು.

ಮರುದಿನ ನಾನು ಅವಳ ಪಕ್ಕ ಚಾಪೆಯ ಮೇಲೆ ಕುಳಿತು, ನೀರಿನ ಬಿಂದಿಗೆಯ ಕಡೆ ಕೈ ಮಾಡಿ “ಪಾಣಿ” ಎಂದೆ. ನನ್ನ ಉಚ್ಚಾರ ಕೆಟ್ಟದಾಗಿತ್ತೆಂದು ಕಾಣುತ್ತದೆ. ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು, ಆಮೇಲೆ ತಿದ್ದಿದಳು. ನಾನು ತಿದ್ದಿಕೊಂಡೆ. ಅಲ್ಲಿಂದ ಮುಂದೆ ದಿನಕ್ಕೆ ನಾಲ್ಕು ಶಬ್ದದಂತೆ ಅವಳು ನನಗೆ ಕಲಿಸಿದಳು, ನಾಲ್ಕು ಶಬ್ದ ನಾನು ಅವಳಿಗೆ ಕಲಿಸಿದೆ. ಲೆಕ್ಕ ಸಮವಾಗಿತ್ತು.

ಕರ್ನಾಟಕದ ಶಾಲೆಗಳಲ್ಲಿ ಇದು ಅಪರೂಪದ ಕಥೆಯಲ್ಲ. ಕರಾವಳಿಯಲ್ಲಿ ತುಳು, ಬ್ಯಾರಿ, ಕೊಂಕಣಿ, ಕೊಡಗಿನಲ್ಲಿ ಕೊಡವ, ಕೋಲಾರ, ಪಾವಗಡ, ಬಳ್ಳಾರಿಯ ಕಡೆ ತೆಲುಗು, ಬೆಳಗಾವಿ, ಬೀದರಿನ ಗಡಿಯಲ್ಲಿ ಮರಾಠಿ, ಎಲ್ಲೆಡೆ ಉರ್ದು, ನಮ್ಮಲ್ಲಿ ಲಂಬಾಣಿ. ಕನ್ನಡವೇ ಮನೆಮಾತಾದ ಮಗುವಿಗೂ ಮನೆಯ ಕನ್ನಡ ಬೇರೆ, ಪುಸ್ತಕದ ಕನ್ನಡ ಬೇರೆ. “ಹೋಗಾಕ ಬರತೈತಿ” ಎನ್ನುವ ಮಗುವಿನ ಬಾಯಿಂದ ಮೊದಲ ವಾರವೇ “ಹೋಗಲು ಬರುತ್ತದೆ” ಎಂದು ಹೇಳಿಸಲು ಹೊರಟರೆ ಮಗು ಮಾತನಾಡುವುದನ್ನೇ ನಿಲ್ಲಿಸುತ್ತದೆ. ಒಂದನೆಯ ತರಗತಿಯ ಆರಂಭದಲ್ಲಿ ಮಾತು ನಿಂತರೆ ಓದು ಹುಟ್ಟುವುದಿಲ್ಲ, ಏಕೆಂದರೆ ಓದುವುದೆಂದರೆ ಆ ವಯಸ್ಸಿನಲ್ಲಿ ತನಗೆ ಗೊತ್ತಿರುವ ಮಾತನ್ನು ಗೋಡೆಯ ಮೇಲೆ ಗುರುತಿಸುವುದು. ಆದುದರಿಂದ ಮೊದಲ ಮೂರು ವಾರ ಮಗುವಿನ ಮಾತನ್ನು ತಿದ್ದಬೇಡಿ. ಕೇಳಿಸಿಕೊಳ್ಳಿ. ನೀವು ಮಾತ್ರ ನಿಮ್ಮ ಕನ್ನಡವನ್ನು ಸ್ಪಷ್ಟವಾಗಿ, ನಿಧಾನವಾಗಿ ಆಡಿ. ನಿಮ್ಮ ಊರಿನ ಮನೆಮಾತು ನಿಮಗೆ ಬಾರದಿದ್ದರೆ ಇಪ್ಪತ್ತು ಶಬ್ದಗಳ ಪಟ್ಟಿಯನ್ನು ಈಗಲೇ, ಶಾಲೆ ತೆರೆಯುವ ಮೊದಲೇ, ಅಡುಗೆಯವರಿಂದಲೋ ಅಂಗನವಾಡಿ ಕಾರ್ಯಕರ್ತೆಯಿಂದಲೋ ಬರೆದುಕೊಳ್ಳಿ. ನೀರು, ಊಟ, ಮನೆ, ಅಮ್ಮ, ನೋವು, ಭಯ, ಸಾಕು, ಇನ್ನೂ ಬೇಕು. ಇಷ್ಟು ಬಂದರೆ ಜೂನ್ ತಿಂಗಳು ದಾಟುತ್ತದೆ.

ಇನ್ನು ಅಕ್ಷರ. ಪೋಷಕರು ಎರಡನೆಯ ವಾರದಿಂದಲೇ ಕೇಳಲು ಆರಂಭಿಸುತ್ತಾರೆ: “ಏನ್ ಕಲಿಸಿದ್ರಿ ಅಕ್ಕೋರೆ? ಬರೀ ಹಾಡು ಆಟ ಅಂತಾನೆ.” ಈ ಪ್ರಶ್ನೆಗೆ ಹೆದರಿ ನಾನು ಮೊದಲ ವರ್ಷ ಹತ್ತು ದಿನದಲ್ಲಿ ಅ ದಿಂದ ಳ ವರೆಗೆ ಬರೆಸಿಬಿಟ್ಟೆ. ಮಕ್ಕಳು ಬರೆದರು. ನಡುವಿನ ಒಂದು ಅಕ್ಷರ ತೋರಿಸಿ ಇದೇನು ಎಂದರೆ ಮೊದಲಿನಿಂದ ಹಾಡುತ್ತ ಬಂದು ಆ ಅಕ್ಷರಕ್ಕೆ ತಲುಪಿದಾಗ ನಿಲ್ಲುತ್ತಿದ್ದರು. ಕನ್ನಡ ವರ್ಣಮಾಲೆಯ 49 ಅಕ್ಷರಗಳ ಕ್ರಮ ಶಾಸ್ತ್ರದ ದೃಷ್ಟಿಯಿಂದ ಬಹಳ ಸುಂದರವಾದುದು. ಕಂಠದಿಂದ ತುಟಿಯವರೆಗೆ ನಾದ ಹೇಗೆ ಸಾಗಿ ಬರುತ್ತದೆಂಬುದನ್ನು ಅದು ತೋರಿಸುತ್ತದೆ. ಆದರೆ ಆ ಸೌಂದರ್ಯ ಭಾಷೆ ಬಲ್ಲವನಿಗೆ ಕಾಣುವಂಥದು. ಆರು ವರ್ಷದ ಮಗುವಿಗೆ ಋ ಕಾರವನ್ನು ಏಳನೆಯ ಅಕ್ಷರವಾಗಿ ಕೊಟ್ಟರೆ, ಅದರಿಂದ ಋಷಿಯನ್ನು ಬಿಟ್ಟು ಬೇರಾರನ್ನೂ ಕರೆಯಲು ಬರುವುದಿಲ್ಲ.

ನಮ್ಮ ಸರ್ಕಾರಿ ಶಾಲೆಗಳಲ್ಲಿ ಒಂದರಿಂದ ಮೂರನೆಯ ತರಗತಿಯ ಮಕ್ಕಳು ಕಾರ್ಡುಗಳ ಮೂಲಕ ಕಲಿಯುವ ನಲಿ-ಕಲಿ ಪದ್ಧತಿಯಲ್ಲಿ ಅಕ್ಷರಗಳು ಬರುವುದು ರ ಗ ಸ ದ ಅ ಎಂದು, ಅನಂತರ ಜ ವ ಮ ಬ ನ ಎಂದು. ಹೊಸಬರಾದ ನೀವು ಇದನ್ನು ತರಬೇತಿಯಲ್ಲಿ ಕೇಳಿರುತ್ತೀರಿ, ಆದರೆ ಇದರ ಚಮತ್ಕಾರ ತಿಳಿಯುವುದು ತರಗತಿಯಲ್ಲಿಯೇ. ಮೊದಲ ಐದು ಅಕ್ಷರಗಳು ಕೈಗೆ ಬಂದ ಕೂಡಲೇ ಮಗುವಿಗೆ ಸರ, ದರ, ಅರಸ, ಅಗಸ, ಗರಗಸ ಎಂಬ ಶಬ್ದಗಳು ಸಿಗುತ್ತವೆ. ಕಾಗುಣಿತ ಬೇಡ, ಒತ್ತು ಬೇಡ. ರ, ಗ, ಸ, ದ, ಅ ಇವುಗಳ ಬರವಣಿಗೆಯೂ ದುಂಡನೆಯ ಗೆರೆಯ ಸುತ್ತ ನಡೆಯುತ್ತದೆ, ಒಂದು ಬಂದರೆ ಇನ್ನೊಂದಕ್ಕೆ ಕೈ ಪಳಗಿರುತ್ತದೆ. ಗರಗಸ ಎಂಬ ಶಬ್ದವನ್ನು ಮೊದಲ ಬಾರಿಗೆ ತಾನೇ ಕೂಡಿಸಿ ಓದಿದ ಮಗುವಿನ ಮುಖವನ್ನು ಒಮ್ಮೆ ನೋಡಿ. ಬಡಗಿಯ ಮಗನೊಬ್ಬ ಅದನ್ನು ಓದಿ, “ಇದು ನಮ್ಮನ್ಯಾಗ ಐತಿ!” ಎಂದು ಚಾಪೆಯಿಂದ ಎದ್ದು ನಿಂತಿದ್ದ. ಮನೆಯ ಮೂಲೆಯಲ್ಲಿ ನೇತುಹಾಕಿದ ವಸ್ತು ಗೋಡೆಯ ಮೇಲಿನ ಕಪ್ಪು ಪಟ್ಟಿಯಲ್ಲಿ ನಾಲ್ಕು ಅಕ್ಷರವಾಗಿ ಕುಳಿತಿರುವುದನ್ನು ಕಂಡ ಬೆರಗು ಅದು.

ಈ ಪದ್ಧತಿ ಎಲ್ಲಿಂದ ಬಂತು ಎಂಬುದನ್ನೂ ನೀವು ತಿಳಿದಿರಬೇಕು, ಏಕೆಂದರೆ ಇದನ್ನು ಮೇಲಿನಿಂದ ಬಂದ ಆದೇಶವೆಂದು ತಿಳಿದವರು ಬೇಸರದಿಂದ ಮಾಡುತ್ತಾರೆ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ಮದನಪಲ್ಲಿಯ ಬಳಿಯಿರುವ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳಿಗೆ ಹೋಗಿ, ಅಲ್ಲಿ ಮಕ್ಕಳು ಕಾರ್ಡುಗಳ ಮೂಲಕ ತಮ್ಮ ವೇಗದಲ್ಲಿ ಕಲಿಯುವುದನ್ನು ನೋಡಿ ಬಂದರು. ಯುನಿಸೆಫ್ ನೆರವಿನೊಂದಿಗೆ 1995ರಲ್ಲಿ ನಲಿ-ಕಲಿ ಆ ತಾಲ್ಲೂಕಿನಲ್ಲಿ ಶುರುವಾಯಿತು. ಹಾಡು, ಕಥೆ, ಕಾರ್ಡುಗಳನ್ನು ಬರೆದವರಲ್ಲಿ ಶಿಕ್ಷಕರೇ ಹೆಚ್ಚು. 2009-10ರ ಹೊತ್ತಿಗೆ ಅದು ರಾಜ್ಯದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳಿಗೆ ಹರಡಿತು. ಒಂದೇ ಕೊಠಡಿಯಲ್ಲಿ ಮೂರು ತರಗತಿಗಳನ್ನು ಒಬ್ಬರೇ ನೋಡಿಕೊಳ್ಳಬೇಕಾದ ಸ್ಥಿತಿಗೆ ಅದೊಂದು ಉತ್ತರವೂ ಆಗಿತ್ತು. ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ 60 ಮಕ್ಕಳವರೆಗಿನ ಶಾಲೆಗೆ ಇಬ್ಬರು ಶಿಕ್ಷಕರು. ಐದು ತರಗತಿಗಳಿರುವ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಇಬ್ಬರು ಎಂದರೆ, ಬಹುವರ್ಗ ಬೋಧನೆಯಿಂದ ನಿಮಗೆ ಬಿಡುಗಡೆ ಇಲ್ಲ.

ಆದರೆ ಜೂನ್ ತಿಂಗಳ ಮಟ್ಟಿಗೆ ಈ ಬಹುವರ್ಗವೇ ವರ. ನಲಿ-ಕಲಿಯ ಐದು ಗುಂಪುಗಳಲ್ಲಿ ಶಿಕ್ಷಕರ ಸಹಾಯ ಪೂರ್ತಿ ಬೇಕಾದ ಗುಂಪಿನಿಂದ ಹಿಡಿದು ಸ್ವಕಲಿಕೆಯ ಗುಂಪಿನವರೆಗೆ ಇವೆಯಷ್ಟೆ. ನಡುವೆ ಗೆಳೆಯರ ಸಹಾಯದಿಂದ ಕಲಿಯುವ ಗುಂಪುಗಳಿವೆ. ಹೊಸ ಮಗುವನ್ನು ಮೂರನೆಯ ತರಗತಿಯ ಒಬ್ಬ ಹುಡುಗಿಯ ಪಕ್ಕ ಕೂರಿಸಿ, ಈ ತಂಗಿಗೆ ಏಣಿ ತೋರಿಸು ಎಂದು ಹೇಳಿ ನೋಡಿ. ಕಲಿಕೆಯ ಮೆಟ್ಟಿಲುಗಳನ್ನು ತೋರಿಸುವ ಪಟವಾದ ಕಲಿಕಾ ಏಣಿಯ ಚಿತ್ರಗುರುತುಗಳ ಅರ್ಥವೇನು, ಕಾರ್ಡು ಯಾವ ತಟ್ಟೆಯಲ್ಲಿದೆ, ಮುಗಿದ ಮೇಲೆ ಎಲ್ಲಿಡಬೇಕು ಎಂಬುದನ್ನು ಅವಳು ನಿಮಗಿಂತ ಚೆನ್ನಾಗಿ ಹೇಳುತ್ತಾಳೆ. ಬೇಸಿಗೆಯಲ್ಲಿ ಅವಳು ಮರೆತದ್ದೂ ಹೇಳಿಕೊಡುತ್ತ ಹೇಳಿಕೊಡುತ್ತ ನೆನಪಿಗೆ ಬರುತ್ತದೆ. ಒಂದೇ ಎಚ್ಚರಿಕೆ: ಅವಳನ್ನು ಎರಡು ವಾರದ ಮೇಲೆ ಆ ಕೆಲಸದಲ್ಲಿಟ್ಟರೆ ಅವಳ ಏಣಿ ನಿಂತುಹೋಗುತ್ತದೆ. ಜಾಣೆಯಾದ ಹುಡುಗಿಯನ್ನು ವರ್ಷವಿಡೀ ಸಹಾಯಕಿಯನ್ನಾಗಿ ಮಾಡಿಕೊಂಡ ತಪ್ಪು ನನ್ನದೂ ಇದೆ.

ವರ್ಷದ ಆರಂಭದಲ್ಲಿ ಹಿಂದಿನ ತರಗತಿಯ ಕಲಿಕೆಯನ್ನು ನೆನಪಿಸುವ ಸೇತುಬಂಧದ ಬಗ್ಗೆ ನಿಮಗೆ ಸುತ್ತೋಲೆ, ಸಾಹಿತ್ಯ, ನಮೂನೆಗಳು ಬರುತ್ತವೆ. ಪೂರ್ವ ಪರೀಕ್ಷೆ, ಬೋಧನೆ, ಸಾಫಲ್ಯ ಪರೀಕ್ಷೆ ಎಂಬ ಕ್ರಮವೂ ನಿಮಗೆ ಗೊತ್ತು. ನಾನು ಸೇರಿಸುವುದು ಒಂದನ್ನೇ, ಅದು ನಾಲ್ಕನೆಯ ತರಗತಿಯ ಮಾತು. ನಾವು ಹೊಸ ಮಕ್ಕಳೆಂದರೆ ಒಂದನೆಯ ತರಗತಿಯವರು ಎಂದುಕೊಳ್ಳುತ್ತೇವೆ. ಮೂರು ವರ್ಷ ಚಾಪೆಯ ಮೇಲೆ ದುಂಡಗೆ ಕುಳಿತು, ಕಾರ್ಡು ಹಿಡಿದು, ತನ್ನ ವೇಗದಲ್ಲಿ ಕಲಿತ ಮಗು ನಾಲ್ಕನೆಯ ತರಗತಿಗೆ ಬಂದ ದಿನ ಬೆಂಚಿನ ಸಾಲಿನಲ್ಲಿ ಕುಳಿತು ಎಲ್ಲರೊಂದಿಗೆ ಒಂದೇ ಪುಟ ತೆರೆಯಬೇಕಾಗುತ್ತದೆ. ಅದಕ್ಕೂ ಅದು ಹೊಸ ಶಾಲೆಯೇ, ಅಳುವುದಿಲ್ಲ ಎಂಬುದಷ್ಟೇ ವ್ಯತ್ಯಾಸ. ಮಾರ್ಚ್‌ನಲ್ಲಿ ಸಲೀಸಾಗಿ ಓದುತ್ತಿದ್ದವರು ಜೂನ್‌ನಲ್ಲಿ ಒತ್ತಕ್ಷರ ಬಂದಲ್ಲಿ ಎಡವುತ್ತಾರೆ, ಹತ್ತು ದಾಟಿದ ಕೂಡುವ ಲೆಕ್ಕದಲ್ಲಿ ದಶಕ ಮರೆಯುತ್ತಾರೆ. 48 ದಿನ ಪುಸ್ತಕ ಮುಟ್ಟದ ಮಗು ಎಡವುವುದು ಸಹಜ. ಪೂರ್ವ ಪರೀಕ್ಷೆಯ ಅಂಕವನ್ನು ಕೆಂಪು ಶಾಯಿಯಲ್ಲಿ ಬರೆದು ಮನೆಗೆ ಕಳುಹಿಸಬೇಡಿ. ಅದು ನಿಮಗಾಗಿ ಮಾಡಿದ ಪರೀಕ್ಷೆ. ಕೋವಿಡ್ ನಂತರ, 2021ರ ಅಕ್ಟೋಬರ್ 25ರಂದು ಒಂದರಿಂದ ಐದನೆಯ ತರಗತಿಗಳು ಮತ್ತೆ ತೆರೆದಾಗ, ಒಂದೂವರೆ ವರ್ಷ ತರಗತಿ ಕಾಣದ ಮಕ್ಕಳು ನಮ್ಮೆದುರು ಬಂದು ಕುಳಿತರು. ಎರಡನೆಯ ತರಗತಿಯ ಮಗು ಶಾಲೆಯ ಒಳಗೆ ಮೊದಲ ಬಾರಿಗೆ ಕಾಲಿಟ್ಟಿತ್ತು. ಮುಂದಿನ ವರ್ಷ ಶಾಲೆಗಳನ್ನು ಮೇ 16ಕ್ಕೇ ತೆರೆದು ಕಲಿಕಾ ಚೇತರಿಕೆ ಎಂದು ಇಡೀ ವರ್ಷವನ್ನು ಹಿಂದಿನದನ್ನು ತುಂಬಿಸಿಕೊಳ್ಳಲು ಬಳಸಿದೆವು. ಮಗು ಯಾವ ತರಗತಿಯಲ್ಲಿದೆ ಎಂದು ನೋಡದೆ, ಎಲ್ಲಿದೆ ಎಂದು ನೋಡಿ ಅಲ್ಲಿಂದ ಹೊರಡುವುದನ್ನು ನಮ್ಮಲ್ಲಿ ಅನೇಕರು ನಿಜವಾಗಿ ಕಲಿತದ್ದು ಆಗಲೇ.

ಈಗ ಹದಿನಾರನೆಯ ದಿನಕ್ಕೆ ಬರುತ್ತೇನೆ. ರೋಹಿಣಿ ಮಳೆ ಬಂದರೆ ಓಣಿ ತುಂಬ ಜೋಳ ಎಂಬ ಗಾದೆ ನಮ್ಮ ರೈತರ ಬಾಯಲ್ಲಿದೆ. ರೋಹಿಣಿ ಮೇ ಕೊನೆಗೆ, ಮೃಗಶಿರಾ ಜೂನ್ 7-8ರ ಸುಮಾರಿಗೆ, ಆರಿದ್ರಾ ಜೂನ್ ಮೂರನೆಯ ವಾರ ಕಳೆದು. ನಮ್ಮ ಶೈಕ್ಷಣಿಕ ವರ್ಷದ ಆರಂಭ ಮತ್ತು ಊರಿನ ಬಿತ್ತನೆ ಒಂದರ ಮೇಲೊಂದು ಬೀಳುತ್ತವೆ. ಮಳೆ ಹದವಾದರೆ ಮೆಕ್ಕೆಜೋಳದ ಬೀಜ ಹಿಡಿದು ಗಂಡ ಹೆಂಡತಿ ಇಬ್ಬರೂ ಹೊಲದಲ್ಲಿರುತ್ತಾರೆ. ಮನೆಯಲ್ಲಿ ಎರಡು ವರ್ಷದ ಕೂಸು. ಅದನ್ನು ನೋಡಿಕೊಳ್ಳುವವರು ಯಾರು? ಎರಡನೆಯ ತರಗತಿಯ ಅಕ್ಕ. ನಾನು ಹುಡುಕಿಕೊಂಡು ಹೋದ ಮನೆಯೊಂದರಲ್ಲಿ ತಾಯಿ ತಲೆಯ ಮೇಲೆ ಬುತ್ತಿ ಹೊತ್ತು ಹೊರಟಿದ್ದವಳು, “ಅಕ್ಕೋರೆ, ಬಿತ್ತಿಗಿ ಮುಗಿಯಾತನಕ ಕೂಸು ನೋಡ್ಕೊಳ್ಳಾಕ ಇವಳೇ ಬೇಕ್ರಿ, ಆಮ್ಯಾಲ ನಾನಾ ಕಳಿಸ್ತೀನಿ” ಎಂದಳು. ಅವಳು ಸುಳ್ಳು ಹೇಳಲಿಲ್ಲ. ಬಿತ್ತನೆಯ ನಂತರ ಎಡೆ ಹೊಡೆಯುವುದು, ಅದರ ನಂತರ ಕಳೆ ಬಂದವು, ಅಷ್ಟೇ.

ಇಲ್ಲಿ ಕಾಯಿದೆಯ ಮಾತು ಎತ್ತಿ ಹೆದರಿಸಿದರೆ ಪ್ರಯೋಜನವಿಲ್ಲ. ಶಿಕ್ಷಣ ಹಕ್ಕು ಕಾಯಿದೆ ಒಂದರಿಂದ ಐದನೆಯ ತರಗತಿಗೆ ವರ್ಷಕ್ಕೆ ಕನಿಷ್ಠ 200 ಕೆಲಸದ ದಿನ, 800 ಬೋಧನಾ ಗಂಟೆ ಎಂದು ಹೇಳಿರುವುದು ನಮ್ಮನ್ನು ಕಟ್ಟಿಹಾಕಲು, ಆ ತಾಯಿಯನ್ನಲ್ಲ. ಮಾಡಬಹುದಾದದ್ದು ಬೇರೆ. ಕೂಸಿಗೆ ಮೂರು ವರ್ಷ ತುಂಬಿದ್ದರೆ ಅಂಗನವಾಡಿಗೆ ನೀವೇ ಹೋಗಿ ಮಾತಾಡಿ. ಅದಕ್ಕಿಂತ ಚಿಕ್ಕದಾದರೆ ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ “ಕೂಸಿನ ಮನೆ” ಎಂಬ ಶಿಶುಪಾಲನಾ ಕೇಂದ್ರ ತೆರೆದಿದೆಯೇ ಕೇಳಿ, ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರಿಗಾಗಿ ಆರಂಭವಾದ ಈ ವ್ಯವಸ್ಥೆ ಅನೇಕ ಕಡೆ ಇದೆ, ಊರಿನವರಿಗೇ ಗೊತ್ತಿರುವುದಿಲ್ಲ. ಎರಡೂ ಆಗದಿದ್ದರೆ ನಾನು ಹೇಳುವುದನ್ನು ಮೇಲಧಿಕಾರಿಗಳು ಒಪ್ಪುತ್ತಾರೋ ಇಲ್ಲವೋ, ನಾನು ಮಾಡಿದ್ದನ್ನು ಹೇಳಿಬಿಡುತ್ತೇನೆ: ಕೂಸನ್ನು ಸೊಂಟದ ಮೇಲೆ ಹೊತ್ತುಕೊಂಡೇ ಬಾ ಎಂದು ಆ ಹುಡುಗಿಗೆ ಹೇಳಿದೆ. ಎಂಟು ದಿನ ನಮ್ಮ ನಲಿ-ಕಲಿ ಕೊಠಡಿಯಲ್ಲಿ ಒಂದು ಕೂಸು ತೆವಳುತ್ತಿತ್ತು. ಎರಡು ಕಾರ್ಡುಗಳನ್ನು ಕಚ್ಚಿತು. ಹುಡುಗಿಯ ಹಾಜರಿ ತಪ್ಪಲಿಲ್ಲ.

ಮೂರನೆಯ ವಾರದ ಸೋಮವಾರ ಬೆಳಿಗ್ಗೆ ಹಾಜರಿ ಪುಸ್ತಕ ತೆಗೆದು ಒಂದು ಕೆಲಸ ಮಾಡಿ. ಒಟ್ಟು ಹಾಜರಾತಿಯ ಶೇಕಡಾ ಲೆಕ್ಕ ಮೇಲಿನವರಿಗೆ ಬೇಕು, ಅದನ್ನು ಕಳುಹಿಸಿಬಿಡಿ. ನಿಮಗಾಗಿ ಮೂರು ದಿನಕ್ಕಿಂತ ಹೆಚ್ಚು ತಪ್ಪಿಸಿದವರ ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆದು, ಪ್ರತಿಯೊಂದರ ಮುಂದೆ ಕಾರಣ ಬರೆಯಿರಿ. ಬಿತ್ತನೆ, ಕೂಸು, ಜ್ವರ, ಅಜ್ಜಿಯ ಊರು, ಹಳ್ಳ ತುಂಬಿದೆ, ಹೀಗೆ. ಕಾರಣ ಗೊತ್ತಿಲ್ಲದ ಹೆಸರಿನ ಮುಂದೆ ಏನೂ ಬರೆಯಬೇಡಿ, ಖಾಲಿ ಬಿಡಿ. ಆ ಸಂಜೆ ಖಾಲಿ ಇರುವ ಮನೆಗೆ ಹೋಗಿ. ಹೋದಾಗ ಮಗು ಶಾಲೆಗೆ ಏಕೆ ಬರಲಿಲ್ಲ ಎಂದು ಮೊದಲ ಮಾತಿನಲ್ಲೇ ಕೇಳಬೇಡಿ. ನೀರು ಕೇಳಿ, ಕುಳಿತುಕೊಳ್ಳಿ, ಮಳೆಯ ಮಾತಾಡಿ. ಮಗು ಬಾಗಿಲ ಹಿಂದಿನಿಂದ ನೋಡುತ್ತಿರುತ್ತದೆ. ಅಕ್ಕೋರು ನಮ್ಮ ಮನೆಯ ಲೋಟದಲ್ಲಿ ನೀರು ಕುಡಿದರು ಎಂಬುದನ್ನು ಅದು ಮರುದಿನ ಇಡೀ ತರಗತಿಗೆ ಹೇಳುತ್ತದೆ, ಅದನ್ನು ಹೇಳುವುದಕ್ಕಾಗಿಯಾದರೂ ಬರುತ್ತದೆ.

ಊಟದ ವಿಷಯ ಎರಡೇ ಮಾತು. ಬಿಸಿಯೂಟಕ್ಕೆ ಈ ತರಗತಿಗಳ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, ಕ್ಷೀರಭಾಗ್ಯದಲ್ಲಿ 150 ಮಿ.ಲೀ. ಹಾಲು ಎಂಬ ಲೆಕ್ಕ ನಿಮಗೆ ಗೊತ್ತಿದೆ. ಮೊದಲ ಮೂರು ವಾರ ನೀವೂ ಹೊಸ ಮಕ್ಕಳ ಸಾಲಿನಲ್ಲೇ ಕುಳಿತು ಉಣ್ಣಿ. ಯಾವ ಮಗು ಅನ್ನ ಮುಟ್ಟದೆ ಎದ್ದು ಹೋಯಿತು, ಯಾವುದು ಎರಡನೆಯ ಸಲ ಬಡಿಸಿಕೊಳ್ಳಲು ನಾಚಿತು, ಯಾವುದು ಮೊಟ್ಟೆಯನ್ನು ಜೇಬಿಗೆ ಹಾಕಿ ಮನೆಯ ತಮ್ಮನಿಗೆ ಒಯ್ದಿತು ಎಂಬುದು ಮೇಜಿನ ಹಿಂದೆ ಕುಳಿತವರಿಗೆ ಕಾಣುವುದಿಲ್ಲ.

ಉಪನ್ಯಾಸ ಇಲ್ಲಿಗೆ ಮುಗಿದಿತ್ತು. ಆನಂತರ ಹಿಂದಿನ ಸಾಲಿನಲ್ಲಿ ಕುಳಿತಿದ್ದ ಯುವ ಶಿಕ್ಷಕರೊಬ್ಬರು ಎದ್ದು, “ಮೇಡಂ, ಎಲ್ಲ ಮಾಡಿದ ಮೇಲೂ ಒಂದು ಮಗು ಅಳುವುದನ್ನು ನಿಲ್ಲಿಸದಿದ್ದರೆ ಏನು ಮಾಡಬೇಕು?” ಎಂದು ಕೇಳಿದರು. ಸಭೆಯಲ್ಲಿ ನಗು ಹರಡಿತು, ಆದರೆ ಅವರು ನಗುತ್ತಿರಲಿಲ್ಲ. ಅವರಿಗೆ ನಾನು ಕೊಟ್ಟ ಉತ್ತರವನ್ನೂ ಇಲ್ಲಿ ಸೇರಿಸುತ್ತೇನೆ.

ನನಗೂ ಅಂಥ ಒಬ್ಬ ಸಿಕ್ಕಿದ್ದ. ಹಾಡಿಗೆ ಒಲಿಯಲಿಲ್ಲ, ಬಣ್ಣದ ಸೀಮೆಸುಣ್ಣಕ್ಕೆ ಒಲಿಯಲಿಲ್ಲ, ಪಕ್ಕ ಕೂರಿಸಿಕೊಂಡರೆ ನನ್ನ ಸೆರಗು ಹಿಡಿದೇ ಅಳುತ್ತಿದ್ದ. ಅವನ ಅಜ್ಜ ಜಗಲಿಯ ಕಂಬಕ್ಕೆ ಒರಗಿ ಕುಳಿತಿರಬೇಕು, ಎದ್ದರೆ ಇವನೂ ಏಳುತ್ತಿದ್ದ. ಎರಡನೆಯ ವಾರದಲ್ಲಿ ಒಂದು ದಿನ, ಬೇಸತ್ತು, ಊಟದ ಗಂಟೆ ಹೊಡೆಯುವ ಹೊತ್ತಿಗೆ ಸುತ್ತಿಗೆಯನ್ನು ಅವನ ಕೈಗೆ ಕೊಟ್ಟೆ. ನಮ್ಮ ಶಾಲೆಯ ಗಂಟೆ ರೈಲು ಹಳಿಯ ಒಂದು ತುಂಡು, ಬೇವಿನ ಮರಕ್ಕೆ ಕಟ್ಟಿದ್ದು. ಅವನನ್ನು ಎತ್ತಿ ಹಿಡಿದೆ. ಮೊದಲ ಹೊಡೆತ ಕೇಳಿಸಲೇ ಇಲ್ಲ. ಎರಡನೆಯದಕ್ಕೆ ಇಡೀ ಶಾಲೆ ತಟ್ಟೆ ಹಿಡಿದು ಹೊರಗೆ ಓಡಿ ಬಂತು. ತಾನು ಹೊಡೆದದ್ದಕ್ಕೆ ಅಷ್ಟು ಜನ ಎದ್ದು ಬಂದದ್ದನ್ನು ಅವನು ನನ್ನ ಹೆಗಲ ಮೇಲಿನಿಂದ ನೋಡುತ್ತಿದ್ದ. ಅಳುವುದನ್ನು ಮರೆತಿದ್ದ. ಅಂದಿನಿಂದ ಊಟದ ಗಂಟೆ ಅವನದು ಎಂದು ಎಲ್ಲರಿಗೂ ಹೇಳಿದೆ. ಮೂರನೆಯ ವಾರದ ಬುಧವಾರ ಜೋರು ಮಳೆ. ನಾನು ಬರುವ ಬಸ್ಸು ತಡವಾಗಿ, ಕೊಡೆ ಮುದುಡಿಕೊಳ್ಳುತ್ತ ಓಡೋಡಿ ಬಂದರೆ, ಬೀಗ ಹಾಕಿದ ಬಾಗಿಲ ಮುಂದೆ ಗೊಬ್ಬರದ ಚೀಲದ ಕೊಪ್ಪೆ ಹೊದ್ದು ಅವನೊಬ್ಬನೇ ಕುಳಿತಿದ್ದ. ಅಜ್ಜ ಎಲ್ಲಿ ಎಂದು ಕೇಳಿದೆ. “ಮನ್ಯಾಗದಾನ” ಎಂದ. ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿ, “ತಡಾ ಮಾಡಿದ್ರಿ ಅಕ್ಕೋರೆ” ಎಂದ.